ಏಳನೇ ಸೀಟಿನ ಗಾಳಿ

ಕೆಮ್ಮು ಕೇಳಿ ಹೆಸರು ಹೇಳುವುದು ನನ್ನ ವಿದ್ಯೆ. ಶಿಡ್ಲಘಟ್ಟದ ನಮ್ಮ ಶೆಡ್ಡಿನಲ್ಲಿ ಬೇಯಿಸಿದ ರೇಷ್ಮೆಗೂಡಿನಿಂದ ಎಳೆ ಬಿಚ್ಚುವ ಹತ್ತು ಸೀಟುಗಳಿವೆ. ಹತ್ತೂ ಹೆಂಗಸರ ಕೆಮ್ಮನ್ನು ನಾನು ಹಾಗೆಯೇ ಕೆಮ್ಮಿ ತೋರಿಸಬಲ್ಲೆ. ಏಳನೇ ಸೀಟಿನ ಕದಿರಮ್ಮನದಂತೂ ನನ್ನ ಮಾಸ್ಟರ್‌ಪೀಸ್: ಮೂರು ಸಣ್ಣ ಗುದ್ದು, ಒಂದು ಉದ್ದನೆಯ ಎಳೆತ, ಕೊನೆಗೆ "ಅಯ್ಯೋ ದೇವುಡಾ!"

ಆ ಸೋಮವಾರ ಅದನ್ನು ಮಾಡಿದಾಗ ಯಾರೂ ನಗಲಿಲ್ಲ. ಕದಿರಮ್ಮ ಶೆಡ್ಡಿನ ಯಜಮಾನರಾದ ನನ್ನ ಅಬ್ಬಾನ ಮುಂದೆ ನಿಂತಿದ್ದಳು.

"ಈ ವಾರ ಬರ್ತೀನಿ ಸಾಬ್ರೇ, ಆಮೇಲೆ ಇಲ್ಲ. ಈ ಹಬೆ ಹೊಗೆ ಬಿಡು, ಇಲ್ಲಾಂದ್ರೆ ಉಸಿರು ಬಿಡು ಅಂದವ್ರೆ ಚಿಕ್ಕಬಳ್ಳಾಪುರದ ಡಾಕ್ಟ್ರು."

ಇಪ್ಪತ್ತೆರಡು ವರ್ಷದಿಂದ ದಿಬ್ಬೂರಹಳ್ಳಿಯಿಂದ ಮೊದಲ ಬಸ್ಸಿಗೆ ಬರುವವಳು. ಅವಳಷ್ಟು ನುಣ್ಣನೆಯ ಎಳೆ ತೆಗೆಯುವವರು ನಮ್ಮ ಬೀದಿಯಲ್ಲೇ ಇಲ್ಲ.

"ಹಿಂಬಾಗಿಲ ಮೇಲೆ ಅಷ್ಟು ದೊಡ್ಡ ಫ್ಯಾನ್ ಹಾಕ್ಸಿದೀನಲ್ಲಮ್ಮಾ!" ಎಂದರು ಅಬ್ಬಾ.

"ಅದು ತನ್ನ ಪಾಡಿಗೆ ತಿರುಗ್ತದೆ. ಹೊಗೆ ನನ್ನ ಸುತ್ತ ತಿರುಗ್ತದೆ."

"ಏಳನೇ ಸೀಟೇ ಹಂಗೆ," ಎಂದಳು ಪಕ್ಕದ ಮುನಿಶಾಮಮ್ಮ. "ಕೂತೋರೆಲ್ಲ ಏಳ್ಲೇಬೇಕು."

"ನನ್ಗೇನು ಏಳಕ್ಕೆ ಆಸೇನಾ? ಈ ಕೈಗೆ ಬೇರೆ ಕೆಲಸ ಬರಲ್ಲ ಕಣೇ," ಎಂದಳು ಕದಿರಮ್ಮ.

ನನ್ನ ಆಪಾ, ಅಂದರೆ ಅಕ್ಕ, ಕಹಕಶಾನ್ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಳು. ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸುವುದೇ ಅವಳ ಪ್ರಾಜೆಕ್ಟ್. ಟೇಪು ಹಿಡಿದು ಶೆಡ್ಡನ್ನೆಲ್ಲ ಅಳೆದಳು. ಬುಧವಾರ ಲ್ಯಾಪ್‌ಟಾಪ್ ತಂದು ಮೇಜಿನ ಮೇಲಿಟ್ಟಳು. ಪರದೆಯ ಮೇಲೆ ನಮ್ಮ ಶೆಡ್ಡು. ನೀಲಿ ಅಂದರೆ ಶುದ್ಧ ಗಾಳಿ, ಕೆಂಪು ಅಂದರೆ ಕೆಟ್ಟದ್ದು.

"ನೋಡಿ ಕದಿರಮ್ಮಾ, ಅಚ್ಚ ನೀಲಿ! ಎಲ್ಲರಿಗಿಂತ ಒಳ್ಳೆ ಗಾಳಿ ನಿಮ್ಮ ಸೀಟಿಗೇ."

ಕದಿರಮ್ಮನ ಉತ್ತರ: ಮೂರು ಗುದ್ದು, ಒಂದು ಎಳೆತ, "ಅಯ್ಯೋ ದೇವುಡಾ!" ಈ ಸಲ ಶೆಡ್ಡೇ ನಕ್ಕಿತು.

ಕದಿರಮ್ಮ ಕಣ್ಣೊರೆಸಿಕೊಂಡು ಪರದೆಗೆ ಬೆರಳಿಟ್ಟಳು. "ಅಮ್ಮಣ್ಣೀ, ಈ ಕಿಟಕಿ ಯಾಕೆ ತೆಗ್ದವೆ?"

"ಕಿಟಕಿ ಅಂದ್ಮೇಲೆ..."

"ಯಾವತ್ತಾದ್ರೂ ತೆಗ್ದಿದ್ದು ಕಂಡಿದೀಯಾ? ಗಾಳಿ ಬಡಿದ್ರೆ ಎಳೆ ಕಿತ್ಕೊಳ್ತದೆ. ನಿಮ್ಮ ತಾತನ ಕಾಲದಿಂದ ಗೋಣಿ ತುರ್ಕಿದೀವಿ."

ಎಳೆ ಬಿಚ್ಚುವ ಮನೆಯಲ್ಲೇ ಹುಟ್ಟಿದ ಹುಡುಗಿ ಕಿವಿವರೆಗೂ ಕೆಂಪಾದಳು. ನಾನು ಅವಳ ಪ್ರೊಫೆಸರ ಗಂಟಲಿನಲ್ಲಿ, "ನಿಮ್ಮ ವಿಂಡೋಸೇ ಸರಿಯಿಲ್ಲಮ್ಮಾ," ಎಂದೆ. "ಯಾಸೀನ್!" ಎಂಬ ಕೂಗಿನ ಜೊತೆಗೇ ಆಪಾಳ ಚಪ್ಪಲಿ ಹಾರಿ ಬಂತು. ಅದರ ದಾರಿ ತಿಳಿಯಲು ಕಂಪ್ಯೂಟರ್ ಬೇಕಾಗಲಿಲ್ಲ.

ಕಿಟಕಿಗಳನ್ನೆಲ್ಲ ಮುಚ್ಚಿ ಆಪಾ ಮತ್ತೆ ಲೆಕ್ಕ ಹಾಕಿದಳು. ಗುರುವಾರದ ಚಿತ್ರವೇ ಬೇರೆ. ಫ್ಯಾನು ಹಿಂಬಾಗಿಲಿಂದ ಬಂದ ಹೊಸ ಗಾಳಿಯನ್ನೇ ಹೀರಿ ಹೊರಗೆ ಉಗುಳುತ್ತಿತ್ತು. ಗೂಡು ಬೇಯಿಸುವ ತೊಟ್ಟಿಯ ಹಬೆ, ಒಲೆಯ ಹೊಗೆ ಎರಡೂ ಮುಂಗೋಡೆಗೆ ಬಡಿದು ಹಿಂದಿರುಗಿ ಏಳನೇ ಸೀಟಿನ ಮೇಲೆ ಕೆಂಪು ಪೇಟದಂತೆ ಕೂತಿದ್ದವು.

"ಬೇಟಾ, ನಿನ್ನೆ ನೀಲಿ ಅಂದೆ, ಇವತ್ತು ಕೆಂಪು ಅಂತೀಯ," ಎಂದರು ಅಬ್ಬಾ. "ನಾಳೆ ಹಸಿರು ಅನ್ನೋವರೆಗೂ ನಾನು ಸಿಗ್ನಲ್‌ನಲ್ಲಿ ನಿಂತಿರ್ಲಾ?"

ಗುರುವಾರ ಸಂಜೆ ಶೆಡ್ಡಿನಲ್ಲಿ ಲೋಬಾನದ ಧೂಪ ಹಾಕುವುದು ಅಬ್ಬಾನ ರೂಢಿ. ಆಪಾ ಅದನ್ನೇ ಹಿಡಿದಳು. "ಅಬ್ಬಾ, ಇವತ್ತು ಧೂಪ ಹಿಡ್ಕೊಂಡು ನಾನು ಹೇಳಿದ ಕಡೆ ನಿಲ್ಲಿ."

ಹಿಂಬಾಗಿಲ ಬಳಿ ನಿಂತರು. ಹೊಗೆ ಒಳಗೆ ಇಣುಕಿಯೂ ನೋಡದೆ ಸೀದಾ ಫ್ಯಾನಿಗೆ ಹೋಯಿತು. ತೊಟ್ಟಿಯ ಬಳಿ ನಿಂತರು. ಹೊಗೆ ಮೇಲೆದ್ದಿತು, ಮುಂಗೋಡೆ ಮುಟ್ಟಿತು, ಬಾಗಿತು, ಇಳಿಯಿತು. ಹತ್ತು ಜೋಡಿ ಕೈ ನಿಂತವು. ಹೊಗೆ ಬಂದು ಕದಿರಮ್ಮನ ನೆತ್ತಿಯ ಮೇಲೆ ನಿಂತಿತು.

ಅಬ್ಬಾ ಪರದೆ ನೋಡಿದರು, ಹೊಗೆ ನೋಡಿದರು. ಅದೇ ಬಾಗು, ಅದೇ ಇಳಿತ. "ಮೂವತ್ತು ವರ್ಷದಿಂದ ಧೂಪ ಹಾಕ್ತಿದೀನಿ. ಎಲ್ಲಿಗೆ ಹೋಗ್ತದೆ ಅಂತ ಒಂದಿನಾನೂ ನೋಡ್ಲಿಲ್ಲ," ಎಂದರು. ಮೆಲ್ಲಗೆ ಕೇಳಿದರು: "ಈಗೇನು ಮಾಡಣ, ಬೇಟಾ?"

"ಏನಾದ್ರೂ ಮಾಡಮ್ಮಾ," ಎಂದಳು ಕದಿರಮ್ಮ, "ಎಳೆ ಅಲುಗಾಡ್ಬಾರ್ದು."

ಆ ಷರತ್ತಿಗೆ ಒಪ್ಪುವ ಜಾಗ ಸಿಗುವಷ್ಟರಲ್ಲಿ ಆಪಾ ಪರದೆಯ ಮೇಲೆ ನಾಲ್ಕು ಸಲ ಗೋಡೆ ಒಡೆದಿದ್ದಳು. ಶುಕ್ರವಾರ ನಮಾಜಿನ ನಂತರ ನಿಜವಾದ ಗೋಡೆ ಒಂದೇ ಸಲ ಒಡೆಯಿತು. ಮುಂಗೋಡೆಯಲ್ಲಿ ಮೊಣಕಾಲಿಗಿಂತ ಕೆಳಗೆ ಎರಡು ಕಿಂಡಿ. ಗಾಳಿ ಮೇಜುಗಳ ಅಡಿಯಲ್ಲೇ ತೆವಳಿ ಬರಬೇಕು. ಹಿಂಬಾಗಿಲು ಬಂದ್. ತೊಟ್ಟಿ, ಒಲೆ ಎರಡರ ಮೇಲೂ ತಗಡಿನ ಕೊಡೆ, ಅದರೊಳಗೆ ಫ್ಯಾನು. ಹಿಂದಿನ ಬೀದಿಯ ಅಡುಗೆಮನೆಗಳಿಗೆ ಹೊಗೆ ನುಗ್ಗದಂತೆ ಸೂರಿಗಿಂತ ಎತ್ತರಕ್ಕೆ ಕೊಳವೆ.

ಶನಿವಾರ ಬೆಳಿಗ್ಗೆ ಅಬ್ಬಾ "ಬಿಸ್ಮಿಲ್ಲಾ" ಎಂದು ಸ್ವಿಚ್ ಒತ್ತಿದರು. ಹಬೆ ತೂಗಾಡಿತು, ಯೋಚಿಸಿತು, ಆಮೇಲೆ ಮದುವೆ ದಿಬ್ಬಣದಂತೆ ಕೊಡೆಯ ಕಡೆ ಹೊರಟಿತು. ನಮ್ಮ ಕಣ್ಣೆಲ್ಲ ಕದಿರಮ್ಮನ ಎಳೆಯ ಮೇಲೆ. ಅದು ಅಲುಗಲಿಲ್ಲ, ತುಂಡಾಗಲೂ ಇಲ್ಲ.

"ಅಯ್ಯೋ!" ಎಂದು ಕಿರುಚಿದಳು ಮುನಿಶಾಮಮ್ಮ. "ಆ ಗೋಡೆಗೆ ಹಸಿರು ಬಣ್ಣ ಐತೇನೇ?"

"ಸಿಗ್ನಲ್ ಬಿತ್ತು, ಅಬ್ಬಾ!" ಎಂದೆ ನಾನು.

"ಇನ್ನೊಂದು ವಾರ ನೋಡ್ತೀನಿ," ಎಂದಳು ಕದಿರಮ್ಮ. ಒಂದು ವಾರ ಆರಾಯಿತು. ಡಾಕ್ಟರ ಹತ್ತಿರ ಹೋಗಿ ಬಂದವಳು ಅವರ ದನಿಯನ್ನೇ ತೆಗೆದು ತೋರಿಸಿದಳು, ನನಗಿಂತ ಚೆನ್ನಾಗಿ: "'ಎದೆ ಎಷ್ಟೋ ಹಗುರ ಆಗಿದೆಯಮ್ಮಾ, ಕೆಲಸ ಬಿಟ್ಟಿದ್ದು ಒಳ್ಳೇದಾಯ್ತು' ಅಂದ್ರು. ನಾನ್ ಬಿಟ್ಟಿದ್ದು ಹೊಗೆ ಸಾರ್, ಕೆಲಸ ಅಲ್ಲ ಅಂದೆ!"

ಮೊನ್ನೆ ಒಂಬತ್ತನೇ ಸೀಟಿಗೆ ಲಾವಣ್ಯ ಅಂತ ಹೊಸಬಳು ಬಂದಳು. ಅವಳೆದುರು ನಾನು ನನ್ನ ಮಾಸ್ಟರ್‌ಪೀಸ್ ಹೊರತೆಗೆದೆ. ಮೂರು ಗುದ್ದು, ಒಂದು ಎಳೆತ, "ಅಯ್ಯೋ ದೇವುಡಾ!"

ಲಾವಣ್ಯ ಹತ್ತೂ ಸೀಟುಗಳತ್ತ ಕಣ್ಣಾಡಿಸಿದಳು. "ಯಾರ್ದಿದು? ಇಲ್ಲಿ ಯಾರೂ ಹಿಂಗೆ ಕೆಮ್ಮಲ್ವಲ್ಲ."

"ಯಾರ್ದೋ ಏನೋ," ಎಂದಳು ಕದಿರಮ್ಮ, ಎಳೆಯಿಂದ ಕಣ್ಣು ತೆಗೆಯದೆ. "ಪಾಪ, ಯಾಸೀನನ್ಗೇ ಕೆಮ್ಮು ಹತ್ಕೊಂಡಿರ್ಬೇಕು. ಆ ಕಿಂಡಿ ಹತ್ರ ಕೂರ್ಸಮ್ಮ ಅವನ್ನ."