ಕೆಂಪು ಹರಳು, ಎಡಗಾಲಿನ ಚಪ್ಪಲಿ

ಹನಿಯೊಳಗೆ ಏನೋ ಮಿನುಗಿತು, ಸೂಕ್ಷ್ಮದರ್ಶಕದ ಬೆಳಕೋ ನನ್ನ ಕಣ್ಣಿನ ನೀರೋ — ಇಲ್ಲ, ಹರಳೇ, ದಾಳಿಂಬೆ ಕಾಳಿನ ಬಣ್ಣ, ಸಾಸಿವೆಯ ನೂರನೇ ಪಾಲು, ಏಳು ತಿಂಗಳು ಕಾದದ್ದು ಇವತ್ತೇ ಬರಬೇಕೇ, ಅಮ್ಮನಿಗೆ ಇಂಜೆಕ್ಷನ್ ಹಾಕಿಸುವ ದಿನ, ಲ್ಯಾಬಿನ ಗಾಜಿನ ಬಾಗಿಲಾಚೆ ಬೆಂಚಿನ ಮೇಲೆ ಕೂತಿದ್ದಾಳೆ, ಹತ್ತು ನಿಮಿಷ ಕೂತಿರಮ್ಮ ಬಂದೆ, ಹೋಗೇ, ನಿನ್ನ ಕ್ರಿಮಿಗಳಿಗೆ ಉಣ್ಣಿಸಿ ಬಾ, ಅದಕ್ಕೆ ಸಂಬಳ ಬೇರೆ ಕೊಡ್ತಾರಲ್ಲ ಪುಣ್ಯಾತ್ಮರು. ತಟ್ಟೆ ಅಲುಗಾಡಬಾರದು, ಹರಳು ಬೆದರಿದ ಕರು ಇದ್ದ ಹಾಗೆ, ಮೆಲ್ಲಗೆ ಹೋಗಬೇಕು ಕಣಮ್ಮ, ಅನ್ನುತ್ತಿದ್ದರು ಕಲಿಸಿದ ಮೇಷ್ಟ್ರು, ಮೆಲ್ಲಗೆ, ಈ ಹರಳಿನ ತುಂಬ ಒಂದೇ ಕಿಣ್ವ, ಕೋಟಿ ಕೋಟಿ ಸಲ, ಸಾಲಾಗಿ ಕೂತು ಮಡಿಲಲ್ಲಿ ಅರೆಬರೆ ಕಟ್ಟಿದ ವಿಟಮಿನ್ ಬಿ ಹನ್ನೆರಡನ್ನು ಹಿಡಿದುಕೊಂಡಿದೆ — ಮರ ಮಾಡಲಾರದ್ದು, ಹಸು ಮಾಡಲಾರದ್ದು, ಮನುಷ್ಯನ ಒಡಲು ಮಾಡಲಾರದ್ದು, ಮಣ್ಣಿನೊಳಗಿನ, ಕಣ್ಣಿಗೆ ಬೀಳದ ಬ್ಯಾಕ್ಟೀರಿಯಾ ಮಾಡುತ್ತದೆ, ಅಷ್ಟು ದೊಡ್ಡದನ್ನು ದೇವರು ಅಷ್ಟು ಚಿಕ್ಕವರ ಕೈಗೆ ಕೊಟ್ಟ, ಪೂರ್ತಿಯಾಗಲು ಅದು ಮೂವತ್ತು ಕಿಣ್ವಗಳ ಕೈ ದಾಟಬೇಕು, ಮುಂದಿನ ಕೈ ಬರುವವರೆಗೆ ಹಿಂದಿನದು ಬಿಡುವುದಿಲ್ಲ, ಹಸುಗೂಸನ್ನು ಮಡಿಲಿನಿಂದ ಮಡಿಲಿಗೆ ಹಾಕುವ ಹೆಂಗಸರು, ಹಿಡ್ಕೊಂಡೆಯಾ, ಹಿಡ್ಕೊಂಡೆ, ಅಂದಮೇಲೆ ತಾನೇ ಬಿಡುವುದು, ಆ ಹಿಡಿತ ಹೇಗಿದೆಯೆಂದು ನೋಡಲು ಇಷ್ಟು ವರ್ಷ ಸವೆಸಿದವಳು, ನಾನು ಅಮ್ಮನ ಕೈ ಬಿಟ್ಟೆ. ಅಮ್ಮ ಬಿಳಿಚಿಕೊಂಡಿದ್ದಳು, ಮೆಟ್ಟಿಲು ಹತ್ತಿದರೆ ಏದುಸಿರು, ರಕ್ತ ಕಡಿಮೆ ಅಷ್ಟೇ, ಫೋಲಿಕ್ ಆಸಿಡ್ ಮಾತ್ರೆ ನಾನೇ ತಂದೆ, ಪರೀಕ್ಷೆ ಮಾಡಿಸದೆ, ಎಲ್ಲ ಗೊತ್ತೆನ್ನುವ ಜಂಬ, ತಿಂಗಳಲ್ಲಿ ಕೆನ್ನೆಗೆ ಬಣ್ಣ ಬಂತು, ನೋಡಿದೆಯಾ ಅಮ್ಮ, ಹೌದು ತಾಯಿ, ನೀನೇ ನನ್ನ ಡಾಕ್ಟರು — ಮಾತ್ರೆ ರಕ್ತವನ್ನಷ್ಟೇ ಸರಿಮಾಡಿ ತೋರಿಸಿತು, ಬಿ ಹನ್ನೆರಡಿಲ್ಲದೆ ಒಳಗೆ ನರಗಳು ಸವೆಯುತ್ತಲೇ ಇದ್ದವು, ಇದನ್ನೇ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ, ಎರಡು ಗೆರೆ ಎಳೆದು, ಮರೀಬೇಡಿ ಅಂತ. ಆಮೇಲೆ ಒಂದು ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲಿ ಎಡಗಾಲಿನ ಚಪ್ಪಲಿ, ಒಂಟಿಯಾಗಿ, ಅಮ್ಮ ಆಗಲೇ ಒಲೆಯ ಹತ್ತಿರ, ಅಮ್ಮ ಚಪ್ಪಲಿ, ಯಾವ ಚಪ್ಪಲಿಯೇ, ಹಾಕ್ಕೊಂಡೇ ಇದ್ದೀನಲ್ಲ.

ಹೊಟ್ಟೆ ಬಿ ಹನ್ನೆರಡನ್ನ ಹೀರೋದು ಬಿಟ್ಟಿದೆ, ಇಂಜೆಕ್ಷನ್ನಲ್ಲೇ ಕೊಡಬೇಕು, ಹೋದ ಸ್ಪರ್ಶ ಎಷ್ಟು ವಾಪಸ್ ಬರುತ್ತೋ ಹೇಳೋಕಾಗಲ್ಲ, ಅಂದರು ಡಾಕ್ಟರು, ಚಪ್ಪಲಿ ಜಾರಿದ್ದು ಅವರಿಗೇ ತಿಳೀಲಿ, ಆಗ ವಾಸಿಯಾಗ್ತಿದೆ ಅಂತ ನಂಬೋಣ, ಆ ಮದ್ದೂ ಇದೇ ಕೆಂಪು, ಇವತ್ತಿನದು ಆರನೆಯದು, ಹರಳೆತ್ತುವ ನೂಲಿನ ಕುಣಿಕೆ ಹನಿಗೆ ಇಳಿಯಿತು, ಹರಳು ಸಿಕ್ಕಿತು, ಹೊಗೆಯಾಡುವ ದ್ರವ ಸಾರಜನಕದೊಳಗೆ ಮುಳುಗಿಸಿದೆ, ಸ್ವಾಮೀ, ಇದನ್ನು ಉಳಿಸಿಕೊಟ್ಟೆ, ಅಮ್ಮನ ಕಾಲಿನ ಸ್ಪರ್ಶವನ್ನೂ — ಬಾಗಿಲಾಚೆ ಅಮ್ಮ ಎದ್ದಿದ್ದಾಳೆ, ಗೋಡೆ ಹಿಡಿದು ನನ್ನ ಕಡೆಗೇ ಬರುತ್ತಿದ್ದಾಳೆ, ಒಂದು ಹೆಜ್ಜೆ, ಎರಡು, ನಗುತ್ತಿದ್ದಾಳೆ, ಉಣ್ಣಿಸಿದ್ದು ಮುಗೀತೇನೇ, ಮುಗೀತಮ್ಮ, ಮೂರು, ನಾಲ್ಕು, ಬರಿಯ ಪಾದ ತಣ್ಣನೆ ನೆಲದ ಮೇಲೆ, ನಿಲ್ಲು, ತಿರುಗು, ಒಂದು ಸಲ ತಿರುಗಮ್ಮ, ಬೆಂಚಿನ ಬುಡದಲ್ಲಿ ಎಡಗಾಲಿನ ಚಪ್ಪಲಿ, ಅಮ್ಮ ಐದನೆಯ ಹೆಜ್ಜೆ ಇಡುತ್ತಿದ್ದಾಳೆ, ಬೆಂಚಿನ ಬುಡದಲ್ಲಿ ಚಪ್ಪಲಿ, ಒಂಟಿ ಚಪ್ಪಲಿ