ಕ್ಲಚ್ಚಿನ ಮೈಲಿಗೆ

ನಾನು ಮುಟ್ಟಿದ್ದರಿಂದಲೇ ಅಪ್ಪನ ಮೋಟಾರ್ ಸೈಕಲ್ಲು ಕೆಟ್ಟಿತೆಂದು ಯಲಿಯೂರಿನಲ್ಲಿ ಒಂದು ತಿಂಗಳು ಮಾತಾಡಿಕೊಂಡರು. ಮಾತು ಹುಟ್ಟಿದ್ದು ನಮ್ಮ ಹಜಾರದಲ್ಲಿ; ಹುಟ್ಟಿಸಿದವನು ನನ್ನ ಚಿಕ್ಕಪ್ಪ ಮಾದಯ್ಯ.

ಎಪ್ಪತ್ತಾರನೇ ಇಸವಿಯ ಆಯುಧಪೂಜೆ. ಗಂಡುಮಕ್ಕಳಿಲ್ಲದ ಅಪ್ಪ ನಾಲೆ ಏರಿಯ ಮೇಲೆ ನನಗೆ ಗಾಡಿ ಕಲಿಸಿ ಎರಡು ವರ್ಷವಾಗಿತ್ತು. ವಾರಕ್ಕೆ ಮೂರು ದಿನ ಮಂಡ್ಯದ ಟೈಪಿಂಗ್ ಕ್ಲಾಸಿಗೆ ನಾನೇ ಓಡಿಸಿಕೊಂಡು ಹೋಗುತ್ತಿದ್ದೆ. ಹಬ್ಬದ ಬೆಳಿಗ್ಗೆ ಗಾಡಿಯನ್ನು ಬಿಸಿಲಿನಿಂದ ನೆರಳಿಗೆ ತಳ್ಳಿ ನಿಲ್ಲಿಸಿದವಳೂ ನಾನೇ. ಚಿಕ್ಕಪ್ಪ ಅದಕ್ಕೆ ದೇವರ ವಿಗ್ರಹಕ್ಕೆ ಮಾಡುವ ಹಾಗೆ ಅಭಿಷೇಕ ಮಾಡಿದ. ಒಂದು ಚೊಂಬು ಪಂಚಾಮೃತ, ಹ್ಯಾಂಡಲ್ಲಿನಿಂದ ಶುರುಮಾಡಿ. ನಮ್ಮದೇ ಆಲೆಮನೆಯ ಬೆಲ್ಲವಾದ್ದರಿಂದ ಅದನ್ನು ಧಾರಾಳವಾಗಿಯೇ ಕಲಸಿದ್ದ. ಕ್ಲಚ್ಚಿನ ಹಿಡಿಗೆ ಅರಿಶಿನದ ದಾರ ಸುತ್ತಿದ. ಮಧ್ಯಾಹ್ನ ನಾನು ಹೊರಗಾದೆ.

ಎರಡು ದಿನ ಕಳೆದು ಅಪ್ಪ ಗಾಡಿ ಹತ್ತಿದಾಗ ಎಡಗೈಯಲ್ಲಿ ಹಿಡಿದು ಬಿಟ್ಟ ಕ್ಲಚ್ಚು ಚಟ್ಟನೆ ವಾಪಸು ಬರಲಿಲ್ಲ, ಅರ್ಧಕ್ಕೆ ನಿಂತಿತು. ಇಂಜಿನ್ನು ಅರಚಿತು, ಗಾಡಿ ಕದಲಲಿಲ್ಲ.

"ಒರಗಾಗೋ ದಿನ ಮುಟ್ಟವ್ಳೆ ಕಣಣ್ಣ," ಎಂದ ಚಿಕ್ಕಪ್ಪ. "ಆಯುಧ ಅಂದ್ಮೇಲೆ ಅದುಕ್ಕೂ ಒಂದ್ ಮಡಿ ಇಲ್ವಾ?"

ಅಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಬೀಗದ ಕೈಯನ್ನು ದೇವರ ಗೂಡಿನಲ್ಲಿಟ್ಟು, ಇನ್ನು ಮುಂದೆ ನಾನು ಗಾಡಿ ಮುಟ್ಟಕೂಡದೆಂದ. ಅವನ ಆ ಬಾಯಿಮುಚ್ಚಿದ ಒಪ್ಪಿಗೆ ಚಿಕ್ಕಪ್ಪನ ಮಾತಿಗಿಂತ ನನ್ನನ್ನು ಹೆಚ್ಚು ಸುಟ್ಟಿತು.

ಮಂಡ್ಯದಿಂದ ಮೆಕ್ಯಾನಿಕ್ ಸಿದ್ದರಾಜು ಬಂದು ಇಂಜಿನ್ನಿನ ಪಕ್ಕೆ ಬಿಚ್ಚಿ, ಕ್ಲಚ್ ಪ್ಲೇಟುಗಳನ್ನೇ ಬದಲಿಸಿದ. ಗುಣವಾಗಲಿಲ್ಲ. ಮೇಲೆ ಹಿಡಿಯ ಹತ್ತಿರವೂ ನೋಡು ಎಂದು ನಾನು ಬಾಗಿಲ ಮರೆಯಿಂದ ಹೇಳಿದ್ದಕ್ಕೆ, ಪೂಜೆಯ ದಾರ ಬಿಚ್ಚಿ ಪಾಪ ಕಟ್ಟಿಕೊಳ್ಳಲು ತಾನು ತಯಾರಿಲ್ಲವೆಂದು ನಕ್ಕ. ಅವನು ಹೋದಮೇಲೆ ಚಿಕ್ಕಪ್ಪ ಗಾಡಿಗೆ ಶುದ್ಧಿ ಮಾಡಿದ. ಏನು ಶುದ್ಧಿ? ಮತ್ತೊಂದು ಚೊಂಬು ಪಂಚಾಮೃತ. ಮಾರನೆಯ ದಿನ ಕ್ಲಚ್ಚು ಅರ್ಧಕ್ಕೂ ಬಾರದೆ ಪೂರ್ತಿ ಕಚ್ಚಿಕೊಂಡಿತು.

"ನೋಡ್ದಾ, ಎಂಥಾ ಗಟ್ಟಿ ಮೈಲಿಗೆ ಇರ್ಬೇಕು," ಎಂದ ಅವನು, ಹೆಚ್ಚುಕಡಿಮೆ ಹೆಮ್ಮೆಯಿಂದ.

ಗಾಡಿಗೆ ಗೋಣಿತಾಟು ಹೊದಿಸಿ ಕೊಟ್ಟಿಗೆಗೆ ತಳ್ಳಿದರು. ಮುಂದಿನ ತಿಂಗಳು ನಾನು ಹೊರಗಾದಾಗ ನನ್ನ ಚಾಪೆಯನ್ನೂ ಅದೇ ಕೊಟ್ಟಿಗೆಯ ಜಗಲಿಗೆ ಎಸೆದರು. ಇಬ್ಬರು ಅಪರಾಧಿಗಳು ಒಂದೇ ಕಡೆ.

ಅಜ್ಜಿ ಮಲ್ಲಿಗಮ್ಮ ಎಂದಿನಂತೆ ಮುದ್ದೆಯ ತಟ್ಟೆಯನ್ನು ದೂರದಿಂದ ಸರಿಸಿ, ಅಲ್ಲೇ ಕಂಬಕ್ಕೊರಗಿ ಕಥೆ ತೆಗೆದಳು. ಒಬ್ಬ ರಾಜನ ಕುದುರೆ ಹೆಜ್ಜೆ ಎತ್ತದಂತಾಯಿತಂತೆ. ರಾಜ ಮೂವರು ಸವಾರರನ್ನು ದೇಶ ಬಿಟ್ಟು ಓಡಿಸಿದನಂತೆ. ಕೊನೆಗೆ ಹುಲ್ಲು ಮಾರುವ ಮುದುಕಿ ಗೊರಸು ಎತ್ತಿ ನೋಡಿದರೆ ಕಾರೆಮುಳ್ಳು. ಚಿಕ್ಕಂದಿನಲ್ಲಿ ಈ ಕಥೆ ಕೇಳಿ ನಾನು ಕುದುರೆಯ ಬಣ್ಣವನ್ನು ಕನಸು ಕಾಣುತ್ತಿದ್ದೆ. ಅಂದು ಮಾತ್ರ ಆ ಮೂವರು ಸವಾರರು ಎಲ್ಲಿಗೆ ಹೋದರೆಂದು ಯೋಚಿಸಿದೆ.

ಅಜ್ಜಿ ಒಳಗೆ ಹೋದಮೇಲೆ ಗೋಣಿತಾಟು ತೆಗೆದೆ. ಎತ್ತು ಕಟ್ಟಿ ಬಿಚ್ಚುವ ಹೊತ್ತು ಬಿಟ್ಟರೆ ಹೊರಗಾದವಳ ಹತ್ತಿರ ಮೂರು ದಿನ ಯಾರೂ ಸುಳಿಯುವುದಿಲ್ಲವಲ್ಲ, ಅದಕ್ಕಿಂತ ಒಳ್ಳೆಯ ವರ್ಕ್‌ಶಾಪು ಎಲ್ಲಿದೆ? ಗಾಡಿಯ ಪೆಟ್ಟಿಗೆಯಲ್ಲಿದ್ದ ಸ್ಪ್ಯಾನರಿನಿಂದ ಇಂಜಿನ್ನಿನ ಬುಡದಲ್ಲಿ ಕ್ಲಚ್ಚಿನ ತಂತಿಯ ತುದಿಯನ್ನು ಕಳಚಿದೆ. ಅಲ್ಲಿ ತಂತಿ ಎಳೆಯುವ ಸಣ್ಣ ತೋಳನ್ನು ಕೈಯಿಂದ ಒತ್ತಿ ಬಿಟ್ಟರೆ ಚಟ್ಟನೆ ಹಿಂದಕ್ಕೆ ಹೋಯಿತು. ಅಂದರೆ ಇಂಜಿನ್ನು ಸರಿಯಾಗಿಯೇ ಇದೆ. ಹಾಗಿದ್ದರೆ ರೋಗ ಇನ್ನೂ ಮೇಲೆ. ಅರಿಶಿನದ ದಾರವನ್ನು ಕುಡುಗೋಲಿನಿಂದ ಕೊಯ್ದೆ. ಅದರ ಅಡಿಯಲ್ಲಿ ಕೆಂಪಿರುವೆಗಳ ಸಾಲು, ತಂತಿಯ ಕೊಳವೆಯೊಳಕ್ಕೆ ಹೋಗುತ್ತಿತ್ತು. ತಂತಿಯನ್ನು ಹೊರಗೆಳೆದರೆ ಕಂದು ಬಣ್ಣದ ಅಂಟು. ನಾಲಿಗೆಗೆ ಹಚ್ಚಿ ನೋಡಿದೆ.

ಬೆಲ್ಲ. ಒಂದು ತಿಂಗಳು ಊರೆಲ್ಲ ನನ್ನ ಮೈಯಲ್ಲಿ ಹುಡುಕಿದ ಮೈಲಿಗೆ, ಚಿಕ್ಕಪ್ಪ ಚೊಂಬಿನಲ್ಲಿ ಸುರಿದ ಬೆಲ್ಲ.

ಬಿಸಿನೀರಿನಲ್ಲಿ ಕರಗಿಸಿ, ಲಾಂದ್ರದ ಸೀಮೆಎಣ್ಣೆಯಲ್ಲಿ ತೊಳೆದು, ಕಾಗದದ ಪೊಟ್ಟಣವನ್ನು ಕೊಳವೆಯ ಬಾಯಿಗೆ ಕಟ್ಟಿ ಎಣ್ಣೆ ಇಳಿಬಿಟ್ಟೆ. ಎರಡನೆಯ ದಿನ ಸಂಜೆಗೆ ತಂತಿ ಸಲೀಸಾಗಿ ಜಾರಿತು. ಎಲ್ಲ ಮೊದಲಿನಂತೆ ಜೋಡಿಸಿದೆ.

ಮೂರನೆಯ ದಿನ ಬೆಳಿಗ್ಗೆ ಎತ್ತು ಬಿಚ್ಚಲು ಅಪ್ಪನ ಜೊತೆ ಬಂದ ಚಿಕ್ಕಪ್ಪ ಸುಮ್ಮನೆ ಹಿಡಿ ಒತ್ತಿ ನೋಡಿದ. ಅದು ಚಟ್ಟನೆ ವಾಪಸು ಬಂತು. ಶುದ್ಧಿ ನಿಧಾನಕ್ಕಾದರೂ ಫಲ ಕೊಟ್ಟಿತೆಂದು ಅವನು ಕೈಮುಗಿದ.

"ನಾನ್ ಕಣ್ ಚಿಕ್ಕಪ್ಪ ಸರಿ ಮಾಡಿದ್ದು," ಎಂದೆ. "ಒರಗಾಗಿ ಎರಡ್ನೇ ದಿನ, ಇದೇ ಕೈಲಿ. ನೀನ್ ಉಯ್ದಿದ್ ಬೆಲ್ಲ ತಂತೀಲಿ ಗಟ್ಟಿಯಾಗಿತ್ತು. ಇರುವೆಗೂ ಗೊತ್ತಾಗಿತ್ತು, ನಿಂಗ್ ಗೊತ್ತಾಗ್ಲಿಲ್ಲ."

ಅವನು ಕೈಯನ್ನು ಪಂಚೆಗೆ ಒರೆಸಿಕೊಂಡು ಹಿಂದೆ ಸರಿದ. ಸ್ನಾನ ಮಾಡಬೇಕೆಂದು ಗೊಣಗುತ್ತ ಬಾವಿಯ ಕಡೆ ನಡೆದ.

ಅಪ್ಪ ಹೋಗಲಿಲ್ಲ. ನಾನು ತಂತಿ ಒರೆಸಿ ಎಸೆದಿದ್ದ, ಇರುವೆ ಮೆತ್ತಿದ ಚಿಂದಿಯನ್ನು ತಿರುಗಿಸಿ ನೋಡಿ, ಯಾರೂ ಕೂರದ ನನ್ನ ಚಾಪೆಯ ತುದಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತ.

"ಎಂಗ್ ಬಿಚ್ದೆ, ತೋರ್ಸವ್ವ."

ನನ್ನ ಸಿಟ್ಟು ಅಷ್ಟು ಅಗ್ಗವಾಗಿರಲಿಲ್ಲ. "ಗಾಡಿ ಕೆಟ್ಟಿದ್ದು ಯಾಕೆ ಅಂತ ಊರೋರ್ಗೆ ಯೋಳು. ಆಮೇಲ್ ತೋರಿಸ್ತೀನಿ."

ಅಪ್ಪ ಚಾಪೆಯಿಂದ ಎದ್ದ. ಆಮೇಲೆ ಬೀದಿಯಾಚೆ ಎತ್ತಿನಗಾಡಿ ಕಟ್ಟುತ್ತಿದ್ದ ಎದುರುಮನೆಯ ಕರಿಯಪ್ಪನನ್ನು, ಅವನ ಜೊತೆ ನಿಂತಿದ್ದ ಇಬ್ಬರನ್ನೂ ಕೂಗಿ ಕರೆದ. ಅವರು ಬರುವಷ್ಟರಲ್ಲಿ ಎರಡು ಸಲ ಗಂಟಲು ಸರಿಮಾಡಿಕೊಂಡ. ನಾನು ಸ್ಪ್ಯಾನರು ಎತ್ತಿಕೊಳ್ಳದೆ ಕಾದೆ.