ಇನ್ನೂರ ಹದಿನೇಳು ರವಿಕೆ ಕಣ

ಉಪ್ಪಾರಹಳ್ಳಿಯ ಪ್ರಮೀಳಾ ಮನಸ್ಸು ಮಾಡಿದರೆ ದೇವರಾಯನದುರ್ಗದ ಬೆಟ್ಟವೇ ನಾಲ್ಕು ಹೆಜ್ಜೆ ಸರಿದು ಕೂರುತ್ತದೆ ಎಂದು ಆ ಬೀದಿಯವರೆಲ್ಲ ನಂಬಿದ್ದರು. ಬೆಟ್ಟ ಸರಿದದ್ದನ್ನು ಯಾರೂ ಕಂಡಿಲ್ಲ, ನಿಜ. ಆದರೆ ಆಕೆ ಮನಸ್ಸು ಮಾಡಿದ ಮೇಲೆ ಆ ಮನೆಯಿಂದ ಕಸದ ಆಟೋಗೆ ಹಸಿ ಕಸ ಹೋದದ್ದನ್ನೂ ಯಾರೂ ಕಂಡಿಲ್ಲ. ತರಕಾರಿ ಸಿಪ್ಪೆ ತಾರಸಿಯ ಡ್ರಮ್ಮಿಗೆ, ಡ್ರಮ್ಮಿನ ಗೊಬ್ಬರ ಬದನೆ ಗಿಡಕ್ಕೆ, ಬದನೆಕಾಯಿ ಮತ್ತೆ ಅಡುಗೆಮನೆಗೆ. ಒಂದೊಂದು ಬದನೆಕಾಯಿಯೂ ಎಳೆಕೂಸಿನಷ್ಟು ತೂಗುತ್ತಿತ್ತು. ಗಂಡ ಅನಂತರಾಜು ವರ್ಷದಲ್ಲಿ ಮುನ್ನೂರು ದಿನ ಎಣ್ಣೆಗಾಯಿ ತಿಂದು, ಉಳಿದ ಅರವತ್ತೈದು ದಿನ ಅದರ ಕನಸು ಕಂಡು ಬೆಚ್ಚಿ ಏಳುತ್ತಿದ್ದ.

ಒಂದು ದಿನ ಮಹಿಳಾ ಸಂಘಕ್ಕೆ ಒಬ್ಬರು ಮೇಡಂ ಬಂದು, ವೃತ್ತಾಕಾರದ ಆರ್ಥಿಕತೆ ಎಂದರೇನು ಎಂದು ಎರಡು ಗಂಟೆ ವಿವರಿಸಿದರು. ಮಾಡು, ಬಳಸು, ಬಿಸಾಡು ಅನ್ನುವುದು ನೇರ ದಾರಿ. ಅದರ ಕೊನೆಯಲ್ಲಿ ಕಸದ ಗುಡ್ಡ. ವಸ್ತು ಹಾಗೆ ಸಾಯಬಾರದು. ರಿಪೇರಿಯಾಗಬೇಕು, ರೂಪ ಬದಲಿಸಬೇಕು, ಕೈಯಿಂದ ಕೈಗೆ ಸುತ್ತುತ್ತಲೇ ಇರಬೇಕು. ಅರ್ಧ ಸಂಘ ನಿದ್ದೆ ಹೋಗಿತ್ತು. ಪ್ರಮೀಳಾಗೆ ಮಾತ್ರ ತನ್ನ ಬೀರು ನೆನಪಾಯಿತು.

ತುಮಕೂರು ಸೀಮೆಯಲ್ಲಿ ರವಿಕೆ ಕಣ ಸುತ್ತಿದಷ್ಟು ಭೂಮಿಯೂ ಸುತ್ತುವುದಿಲ್ಲ. ಯಾವ ಶುಭಕಾರ್ಯಕ್ಕೆ ಹೋದ ಮುತ್ತೈದೆಯನ್ನೂ ಕುಂಕುಮ, ಕಾಯಿ, ಒಂದು ರವಿಕೆ ಕಣ ಕೊಡದೆ ಕಳಿಸುವಂತಿಲ್ಲ. ಆ ಬಟ್ಟೆ ಯಾರ ಅಳತೆಗೂ ಸಾಲದು, ಅದರ ಬಣ್ಣ ಯಾವ ಸೀರೆಗೂ ಕೂಡದು. ಆದ್ದರಿಂದ ಅದು ಮಡಿಕೆ ಬಿಚ್ಚದೆ ಮುಂದಿನ ಮನೆಗೆ ಹೋಗುತ್ತದೆ, ಅಲ್ಲಿಂದ ಅದರ ಮುಂದಿನ ಮನೆಗೆ. ಇದಕ್ಕೆ ಇರುವುದು ಒಂದೇ ನಿಯಮ: ಕೊಟ್ಟವರಿಗೇ ತಿರುಗಿ ಕೊಡಬಾರದು. ಕೊಟ್ಟರೆ ಮೂರು ತಲೆಮಾರು ಮಾತು ನಿಲ್ಲುತ್ತದೆ. ಅದಕ್ಕೇ ಜಾಣೆಯರು ಬಟ್ಟೆಯ ಅಂಚಿನಲ್ಲಿ ಬಾಲ್‌ಪೆನ್ನಿನಿಂದ ಕೊಟ್ಟವರ ಹೆಸರು ಬರೆದಿಡುತ್ತಾರೆ.

ಪ್ರಮೀಳಾ ಬೀರು ತೆರೆದು ಎಣಿಸಿದಳು. ಇನ್ನೂರ ಹದಿನೇಳು. ಇದು ಮಾತ್ರ ಉಪ್ಪುಖಾರ ಹಚ್ಚದ ಲೆಕ್ಕ.

"ಸುತ್ತೋದೇನೋ ಚೆನ್ನಾಗೇ ಸುತ್ತವೆ," ಅಂದಳು ಗಂಡನಿಗೆ. "ಆದ್ರೆ ನಡುವೆ ಒಬ್ರೂ ಬಳಸಲ್ವಲ್ರೀ. ಮಾನಸಾ ಸೀಮಂತಕ್ಕೆ ಅಂಗಡಿ ಬ್ಯಾಗು ತರೋದು ಬೇಡ. ಇವುನ್ನೇ ಚೀಲ ಹೊಲಿದು ತಾಂಬೂಲ ಕೊಡ್ತೀನಿ."

"ಬದನೆಕಾಯೇ ವಾಸಿ ಇತ್ತು," ಅಂದ ಅನಂತರಾಜು.

ಸೀಮಂತಕ್ಕೆ ಹದಿನೈದು ದಿನವಿತ್ತು. ಏಳು ತಿಂಗಳ ಬಸುರಿ ಮಗಳು ಮಾನಸಾ ಸುದ್ದಿ ಕೇಳಿ ಸೋಫಾದಿಂದ ಏಳಲಾಗದಿದ್ದರೂ ಎದ್ದಳು.

"ಅಮ್ಮಾ, ನಮ್ಮತ್ತೆ ವಿಷ್ಯ ನಿಂಗೆ ಗೊತ್ತಿಲ್ವಾ? ಹೋದ ಕಡೆಯೆಲ್ಲ ತಾಂಬೂಲದ ಬ್ಯಾಗ್ ನೋಡೇ ಮನೆ ಅಳೀತಾರೆ. ಹೆರಿಗೆ ಆದ್ಮೇಲೆ ನಾನು ವಾಪಸ್ ಹೋಗ್ಬೇಕಾಗಿರೋದು ಆ ಮನೇಗೇ. ಜೀವಮಾನ ಪೂರ್ತಿ ಕೇಳಿಸ್ಕೊಳ್ಳೋಳು ನಾನು, ನೀನಲ್ಲ."

ಮಗಳ ಮಾತು ಪ್ರಮೀಳಾಗೆ ನಾಟಿತು. ಮಾನಸಾಳ ಅತ್ತೆ, ಕುಣಿಗಲ್‌ನ ಚೆನ್ನಮ್ಮ, ಅಂತಿಂಥ ಹೆಂಗಸಲ್ಲ. ಆಕೆ ಹುಬ್ಬು ಏರಿಸಿದರೆ ಕುಣಿಗಲ್ ಕೆರೆಯ ನೀರು ಅರ್ಧ ಅಡಿ ಇಳಿಯುತ್ತಿತ್ತು. ಮಗಳು ಆ ಹುಬ್ಬಿನ ಕೆಳಗೆ ಬಾಳಬೇಕು. ಪ್ರಮೀಳಾ ಒಂದು ದಿನ ಯೋಚಿಸಿದಳು. ಎರಡನೆಯ ದಿನ ಕತ್ತರಿ ಸಾಣೆ ಹಿಡಿಸಿಕೊಂಡು ಬಂದಳು.

ಪ್ರಮೀಳಾಳ ಅತ್ತೆ ಭದ್ರಮ್ಮ ಬಾಗಿಲಿಗೆ ಅಡ್ಡ ಕೂತರು. "ಮುತ್ತೈದೇರು ಕೊಟ್ಟ ಕಣಕ್ಕೆ ಕತ್ರಿ ಹಾಕ್ಬಾರ್ದು ಕಣಮ್ಮ."

"ರವಿಕೆ ಹೊಲಿಯೋಕೂ ಕತ್ರಿ ಹಾಕ್ಲೇಬೇಕಲ್ಲ ಅತ್ತೆ."

ಚೇಳೂರಿನ ತೋಟದಲ್ಲಿ ನಲವತ್ತು ವರ್ಷ ಆಳುಗಳನ್ನೆಲ್ಲ ಮಾತಿನಲ್ಲೇ ಗೆದ್ದಿದ್ದ ಭದ್ರಮ್ಮ ಇದಕ್ಕೆ ಮೂರು ದಿನ ಉತ್ತರ ಹುಡುಕಿದರು. ನಾಲ್ಕನೆಯ ದಿನ ಸೂಜಿಗೆ ದಾರ ಪೋಣಿಸಲು ಕೂತರು.

ಕತ್ತರಿ ಬಂದ ದಿನದಿಂದ ಆ ಮನೆಯಲ್ಲಿ ಹೊಲಿಗೆ ಮಿಷನ್ನಿನ ಸದ್ದೇ ಸದ್ದು. ಪ್ರಮೀಳಾ ಹದಿಮೂರು ದಿನ ತುಳಿದ ತುಳಿತಕ್ಕೆ ಸೈಕಲ್ಲಾಗಿದ್ದರೆ ಕಾಶಿಗೆ ಹೋಗಿ ವಾಪಸ್ ಬಂದಿರುತ್ತಿದ್ದಳು. ಒಂದು ಕಣಕ್ಕೆ ಒಂದು ಚೀಲ. ಹೆಸರು ಬರೆದಿದ್ದ ಅಂಚನ್ನು ಉದ್ದಕ್ಕೆ ಕತ್ತರಿಸಿ, ಅಕ್ಷರ ಒಳಗೆ ಹೋಗುವಂತೆ ಮಡಿಸಿ ಚೀಲದ ಹಿಡಿ ಮಾಡಿದಳು. ಹೆಸರು ಮುಚ್ಚಿತು, ಸದ್ಯ ಅಂದುಕೊಂಡಳು. ಹೆಸರು ಮುಚ್ಚಿದ ಮೇಲೆ ಯಾವುದು ಯಾರದು ಎಂದು ತನಗೂ ತಿಳಿಯುವುದಿಲ್ಲ ಎಂಬುದು ಹೊಳೆಯಲೇ ಇಲ್ಲ.

ಸೀಮಂತದ ದಿನ ನೂರೈವತ್ತು ಜನ. ಬಾಳೆ ಎಲೆಯಲ್ಲಿ ಊಟ, ಬೀದಿಯವರಿಂದೆಲ್ಲ ಎರವಲು ತಂದ ಸ್ಟೀಲ್ ಲೋಟದಲ್ಲಿ ನೀರು. ಉಂಡ ಎಲೆ ಪಕ್ಕದ ಮನೆಯ ಎಮ್ಮೆಗೆ ಹೋಯಿತು. ಆ ಎಮ್ಮೆ ಅವತ್ತು ತಿಂದ ಸಂತೋಷಕ್ಕೆ ಎರಡು ದಿನ ಮೆಲುಕು ಹಾಕಿತು. ಮಾನಸಾ ಎರಡೂ ಕೈ ತುಂಬ ಹಸಿರು ಬಳೆ ತೊಟ್ಟು ಕೂತಿದ್ದಳು. ಕಣ್ಣು ಮಾತ್ರ ಅತ್ತೆಯ ಮೇಲೆ.

ಚೆನ್ನಮ್ಮನ ಪಾಲಿಗೆ ಬಂದದ್ದು ಗಿಳಿಹಸಿರು ಚೀಲ. ಆಕೆ ಅದನ್ನು ತಿರುಗಿಸಿ ನೋಡಿದರು, ಹುಬ್ಬು ಕಾಲು ಭಾಗ ಏರಿತು, ಚೀಲ ಹಿಡಿದು ಎದ್ದರು. ಹೊಸ್ತಿಲ ಹತ್ತಿರ ಹೋಗುವಷ್ಟರಲ್ಲಿ ಹಿಡಿ ಕಿತ್ತು ಬಂತು. ಒಳಗಿದ್ದದ್ದು ಚೇಳೂರು ತೋಟದ ತೆಂಗಿನಕಾಯಿ, ಆನೆ ಮರಿಯ ತಲೆಯಷ್ಟು ದಪ್ಪ. ಅದು ನೆಲಕ್ಕೆ ಬಿದ್ದ ಸದ್ದಿಗೆ ಗುಬ್ಬಿ ಸ್ಟೇಷನ್ನಿನಲ್ಲಿ ನಿಂತಿದ್ದ ರೈಲು ಸಿಗ್ನಲ್ಲಿಗೂ ಕಾಯದೆ ಹೊರಟಿತಂತೆ.

ಚೆನ್ನಮ್ಮನ ಕೈಯಲ್ಲಿ ಹಿಡಿಯ ಪಟ್ಟಿ ಉಳಿದಿತ್ತು. ಹೊಲಿಗೆ ಬಿಚ್ಚಿ ಅದರ ಮಡಿಕೆ ಅಗಲವಾಗಿತ್ತು. ಆಕೆ ಅದನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಓದಿದರು.

"ಚೆನ್ನಮ್ಮ. ಕುಣಿಗಲ್. ನಿಶ್ಚಿತಾರ್ಥ."

ಹಾಲಿನಲ್ಲಿದ್ದವರೆಲ್ಲ ಆಕೆಯ ಕಡೆ ತಿರುಗಿದರು.

"ನಾನು ಕೊಟ್ಟಿದ್ದನ್ನ ನಂಗೇ ಕೊಟ್ರಾ ಬೀಗ್ರೇ?"

ಮಾನಸಾ ಕಣ್ಣು ಮುಚ್ಚಿಕೊಂಡಳು. ಟೈಲರ್ ಹತ್ತಿರ ಹೊಲಿಸಿದ್ದು, ಅವನು ಅದಲುಬದಲು ಮಾಡಿಬಿಟ್ಟ ಎಂದು ಹೇಳಿ ಪಾರಾಗಬಹುದಿತ್ತು. ಅನಂತರಾಜು ಹಿಂದಿನಿಂದ ಕೈಸನ್ನೆಯಲ್ಲಿ ಅದನ್ನೇ ಹೇಳುತ್ತಿದ್ದ. ಪ್ರಮೀಳಾ ಮಾತ್ರ ಬಿದ್ದ ಕಾಯಿ ಎತ್ತಿಕೊಂಡು ಬಂದು ಎದುರು ನಿಂತಳು.

"ಹೌದು ಅಕ್ಕ, ನಿಮ್ದೇ. ಹೆಸರು ನೋಡ್ದೆ ಕೊಟ್ಟಿದ್ದು ನನ್ನ ತಪ್ಪು, ಒಪ್ಕೋತೀನಿ. ಚೀಲ ಹೊಲಿದಿದ್ದು ತಪ್ಪಲ್ಲ. ಎರಡು ವರ್ಷ ನನ್ನ ಬೀರುನಲ್ಲಿ ಸುಮ್ನೆ ಬಿದ್ದಿತ್ತು. ಇವತ್ತು ಮೊದಲ್ನೇ ಸಲ ಏನೋ ಒಂದು ಹೊತ್ತಿದೆ."

"ಎಲ್ಲಿ ಹೊತ್ತಿದೆ, ಕೆಳಗೆ ಹಾಕ್ತಲ್ಲ," ಅಂದರು ಚೆನ್ನಮ್ಮ.

ಅಷ್ಟರಲ್ಲಿ ಭದ್ರಮ್ಮ ಕನ್ನಡಕ ಏರಿಸಿಕೊಂಡು ಪಟ್ಟಿಯ ಇನ್ನೊಂದು ತುದಿ ಹಿಡಿದಿದ್ದರು. "ತಡೀರಿ, ಇಲ್ಲಿ ಹೊಡೆದು ಹಾಕಿರೋದು ಇನ್ನೊಂದು ಹೆಸ್ರದೆ. ದೊಡ್ಡರಂಗಯ್ಯನ ಮನೆ, ಗುಬ್ಬಿ, ಗೃಹಪ್ರವೇಶ. ಈ ಅಕ್ಷರ ನಮ್ಮ ಪ್ರಮೀಳಂದಲ್ಲ. ನಂದಂತೂ ಅಲ್ಲ ಬುಡು, ನಂಗೆ ಓದಕ್ ಬರ್ತದೆ, ಬರೆಯಕ್ ಬರಲ್ಲ."

ಚೆನ್ನಮ್ಮನ ಹುಬ್ಬು ಏರಿದಲ್ಲೇ ನಿಂತಿತು. ಎಷ್ಟು ಹೊತ್ತು ನಿಂತಿತೆಂದರೆ ಒಲೆಯ ಮೇಲಿನ ಕಾಫಿ ಕುದಿದು, ಆರಿ, ಮತ್ತೆ ಕುದಿಯಿತು.

"ಅದು ನಮ್ಮನೇಲಿ ಒಂದೂವರೆ ವರ್ಷ ಇತ್ತು," ಅಂದರು ಕೊನೆಗೆ, ಮೆಲ್ಲಗೆ.

ಮೊದಲು ನಕ್ಕವಳು ಮಾನಸಾ. ಹೊಟ್ಟೆ ಹಿಡಿದುಕೊಂಡು, ಬಳೆ ಗಲಗಲ ಎನ್ನುವಂತೆ ನಕ್ಕಳು. ನೂರು ಹೆಂಗಸರು ಆ ಕ್ಷಣವೇ ತಮ್ಮ ತಮ್ಮ ಚೀಲದ ಹಿಡಿಯನ್ನು ಉಗುರಿನಿಂದ ಬಿಚ್ಚಿ ಇಣುಕತೊಡಗಿದರು. ಒಂದು ಹಿಡಿಯಲ್ಲಿ ಐದು ಹೆಸರು ಸಿಕ್ಕಿತು, ಇನ್ನೊಂದರಲ್ಲಿ ಏಳು.

ಚೆನ್ನಮ್ಮ ಮಾತ್ರ ನಗಲಿಲ್ಲ. ಕಿತ್ತ ಜಾಗಕ್ಕೆ ಬೆರಳು ಹಾಕಿ ನೋಡುತ್ತಿದ್ದರು.

"ಒಂದೇ ಹೊಲಿಗೆ ಹಾಕಿದ್ದೀರ. ನಮ್ ಕಡೆ ಕಾಯಿಗೆ ಇದು ತಡೆಯಲ್ಲ. ನಾಮಕರಣಕ್ಕೆ ಈ ಥರ ಕೊಟ್ರೆ ಕುಣಿಗಲ್‌ನಲ್ಲಿ ನನ್ನ ಮಾನ ಏನಾಗ್ಬೇಕು?"

"ನಾಮಕರಣಕ್ಕಾ?" ಅಂದಳು ಮಾನಸಾ.

"ಮತ್ತಿನ್ನೇನೇ? ನಂದೂ ಎರಡು ಟ್ರಂಕ್ ತುಂಬ ಅವೆ."

ಪ್ರಮೀಳಾ ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೋಣೆಯಿಂದ ಮಿಷನ್ನನ್ನು ತಾನೇ ಎಳೆದುಕೊಂಡು ಬಂದು ಹಾಲಿನ ನಡುವೆ ನಿಲ್ಲಿಸಿದಳು. ಗಿಳಿಹಸಿರು ಹಿಡಿಗೆ ಎರಡು ಸಾಲು ಹೊಡೆದಳು, ಚೆನ್ನಮ್ಮ ಬೆರಳಿಟ್ಟು ತೋರಿಸಿದ ಕಡೆ ಅಡ್ಡ ಒಂದು ಸಾಲು. ಆಕೆ ಚೀಲಕ್ಕೆ ಮೂರು ಕಾಯಿ ಹಾಕಿ, ಎತ್ತಿ, ಕುಲುಕಿ ನೋಡಿದರು. ತಡೆಯಿತು. ಕುಣಿಗಲ್ ಬಸ್ಸಿಗೆ ಹೊತ್ತಾಯಿತು ಎಂದು ಯಾರೋ ನೆನಪಿಸಿದಾಗ ಆಕೆ ಕೈ ಬೀಸಿದರು, ಮಿಷನ್ನಿನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. ಹಿಡಿ ಬಿಚ್ಚಿಕೊಂಡ ಹೆಂಗಸರ ಸಾಲು ಆಗಲೇ ಗೇಟಿನ ತನಕ ಬೆಳೆದಿತ್ತು.

ಪ್ರಮೀಳಾ ತಲೆ ಎತ್ತದೆ ಕೈ ಚಾಚಿದಳು. "ಮುಂದಿಂದು ಕೊಡಿ."